ನಿಂತ ಕಂಬದ ಬೆಸುಗೆ

ಜಾರಿತು, ಮತ್ತೆ ಜಾರಿತು, ಕರಗಿದ ಉಕ್ಕು ಬಿರುಕಿನ ಬಾಯಲ್ಲಿ ನಿಲ್ಲದೆ ಕೆಂಪು ಜೊಲ್ಲಿನಂತೆ ಇಳಿದು ನೆಲಕ್ಕೆ ಬಿದ್ದು ಕಿಡಿಯಾಗಿ ಚದುರಿತು, ಮುಖವಾಡದ ಕಪ್ಪು ಗಾಜಿನಾಚೆ ತಾಜುದ್ದೀನನಿಗೆ ಕಂಡದ್ದು ಅಷ್ಟೇ, ಬೀಳುವ ಬೆಂಕಿ, ಅದು ಎಲ್ಲಿಗೆ ಹೋಯಿತೆಂಬುದು ಕಾಣಲಿಲ್ಲ, ಹುಕ್ಕೇರಿಯ ಈ ಅರಳೆ ಗಿರಣಿಯಲ್ಲಿ ಗಾಳಿಯೇ ಹತ್ತಿ, ತೊಲೆಯ ಮೇಲೆ ಹತ್ತಿ, ಜೇಡರ ಬಲೆಯಲ್ಲಿ ಹತ್ತಿ, ತನ್ನ ರೆಪ್ಪೆಯ ಮೇಲೂ ಹತ್ತಿ — ಚೊಯ್ ಎಂದಿತು, ಕಿಡಿ ಆರಿಸಲು ಕೊಡ ಹಿಡಿದು ನಿಂತಿದ್ದ ಗಿರಣಿಯಾಳು ಕಾಶೆವ್ವ ನೀರು ಚೆಲ್ಲಿದ್ದಳು, ಹತ್ತಿತ್ತು ನೋಡೋ ಅಣ್ಣಾ, ಆರಿಸೇನಿ, ನೀ ಮಾಡು. ನೀರು ಹರಿದು ಅವನ ಕಾಲ ಕೆಳಗೆ ಬಂತು, ಒದ್ದೆ ಗೋಣಿ, ಒದ್ದೆ ನೆಲ, ಕೈಯಲ್ಲಿ ಕರೆಂಟಿನ ಕಡ್ಡಿ, ಹಿಮ್ಮಡಿಯಿಂದ ಮೊಣಕಾಲಿಗೆ ಇರುವೆ ಹತ್ತಿದಂತೆ ಜುಮ್ಮೆಂದಿತು, ಯಾ ಅಲ್ಲಾ. ತಾನು ಮೊದಲು ದುಡಿದ ಮುಂಬೈ ಹಡಗುಕಟ್ಟೆಯಲ್ಲಿ ಹಡಗಿನ ತಗಡು ಮಲಗಿರುತ್ತಿತ್ತು, ಮಲಗಿದ ಉಕ್ಕಿಗೆ ಸುರಿದದ್ದೆಲ್ಲ ಅಲ್ಲೇ ನಿಲ್ಲುತ್ತಿತ್ತು, ಇದು ಹತ್ತಿಯನ್ನು ಅಂಡಿಗೆಯಾಗಿ, ಬಿಗಿ ಮೂಟೆಯಾಗಿ ಒತ್ತುವ ಯಂತ್ರದ ಕಂಬ, ಅಂಗೈ ಅಗಲ ದಪ್ಪ, ಬಿಚ್ಚಿ ಮಲಗಿಸುವ ಹಾಗಿಲ್ಲ, ಗಿರಣಿಯ ಧಣಿ ರಾವಸಾಹೇಬ ತಾಜುದ್ದೀನನ ಊರು ಮುದಲಗಿಗೇ ಬಂದು ಹೇಳಿದ್ದ, ಲಡಾಯಿ ಮುಗಿಯೂತನಕ ವಿಲಾಯತಿಯಿಂದ ಹೊಸಾ ಕಂಬ ಬರೂದಿಲ್ಲೋ ತಾಜು, ನಿಂತಲ್ಲೇ ಬೆಸಿಬೇಕು, ಆಕ್ಕೈತೋ ಇಲ್ಲೋ ಈಗ ಹೇಳು. ಆಕ್ಕೈತ್ರಿ ಎಂದಿತ್ತು ಬಾಯಿ. ಬಾಯಿಗೇನು, ಅದು ಯಾವಾಗಲೂ ಕೈಗಿಂತ ಮುಂದೆ ಓಡುತ್ತದೆ.

ಯಲ್ಲಾರೀ, ಕರೆಂಟ ಎಷ್ಟೈತಿ? ಡೈನಮೋದ ಹತ್ತಿರ ನಿಂತ ಯಲ್ಲಾರಿ ಮುಳ್ಳು ನೋಡಿ ಕೂಗಿದ, ನೂರಾ ಮೂವತ್ತರಿ. ಇಳಸು. ಎಷ್ಟಕ್ಕ? ಎಂಬತ್ತಕ್ಕ ಇಳಸು. ಇಳಿಯಿತು, ಕಿಡಿಯೂ ಇಳಿಯಿತು, ಉಕ್ಕು ಜಾರದೆ ಬೆಣ್ಣೆ ಮುದ್ದೆಯ ಹಾಗೆ ಕೂತಿತು, ಅದರ ಮೇಲೊಂದು, ಅದರ ಮೇಲೊಂದು, ಕೆಳಗಿನಿಂದ ಮೇಲಕ್ಕೆ ಗೇಣುದ್ದ ಏರಿತು, ಎದೆಯ ಬಡಿತವೂ ಇಳಿಯಿತು, ನೋಡು ಎಷ್ಟು ಸುಲಭ ಅನ್ನುವಷ್ಟರಲ್ಲಿ ಕಡ್ಡಿ ಕಂಬಕ್ಕೆ ಕಚ್ಚಿಕೊಂಡಿತು, ಕಿತ್ತ, ಮತ್ತೆ ಕಚ್ಚಿತು, ದಪ್ಪ ಉಕ್ಕು ಇದ್ದ ಕಾವನ್ನೆಲ್ಲ ಕುಡಿದುಬಿಡುತ್ತಿತ್ತು, ಬೆಸುಗೆ ಮೇಲೆ ಕೂತಿದೆ ಅಷ್ಟೇ, ಒಳಗೆ ಇಳಿದಿಲ್ಲ — ಉಸ್ತಾದ ಉಸ್ಮಾನಸಾಬ ತೀರಿಹೋಗಿ ಎಷ್ಟೋ ಕಾಲವಾಯಿತು, ಆದರೂ ಕಿವಿಯಲ್ಲೇ ಕೆಮ್ಮಿದ, ನಿಂತ ಕಬ್ಬಿಣಕ್ಕ ಕರೆಂಟ ಕಮ್ಮಿ ಬೇಕು ಖರೆ, ಆದ್ರ ಕಬ್ಬಿಣ ತಣ್ಣಗಿದ್ರ ಕಮ್ಮಿ ಕರೆಂಟ ಸುಳ್ಳ ಹೇಳತೈತಿ ಮಗಾ, ಮೊದಲ ಅದನ್ನ ಕಾಸು, ಆಮ್ಯಾಲ ಬಾಜೂಕ ನಿಂದರು, ನಡುವ ಓಡು. ಎಂಬತ್ತಕ್ಕೆ ಇಳಿಸಿದ್ದು ಕಬ್ಬಿಣಕ್ಕಲ್ಲ, ಭಯಕ್ಕೆ.

ಕೆಂಡ ಬೇಕ್ರಿ, ಕಂಬಾ ಕಾಸಬೇಕು. ರಾವಸಾಹೇಬನ ಮುಖ ಬಿಳಿಚಿತು, ಹತ್ತಿ ಮನ್ಯಾಗ ಕೆಂಡಾ? ಹುಚ್ಚ ಹಿಡದೈತೇನ ನಿನಗ? ಹೌದು, ಹಿಡಿದಿದ್ದೀತು, ಇಲ್ಲ ಬಿಡ್ರಿ ಎಂದು ಗಂಟು ಕಟ್ಟಿ ಮುದಲಗಿಯ ಗಾಡಿ ಹಿಡಿಯಬಹುದಲ್ಲ, ಆದರೆ ಕಾಶೆವ್ವ ಆಗಲೇ ಕೊಡ ತುಂಬಿಸಿಕೊಂಡು ಬಂದಳು, ತರಸ್ರಿ ಧಣ್ಯಾರ, ನಾ ನಿಂದರತೇನಿ. ಬೋಗುಣಿಯಲ್ಲಿ ಕೆಂಡ ಬಂತು, ಕಂಬ ಮೆಲ್ಲಗೆ ಕಾದಿತು, ಉಗುಳಿದರೆ ಸಿಡಿಯುವಷ್ಟು, ನೂರಾ ಹತ್ತಕ್ಕ ಇಡೋ ಯಲ್ಲಾರಿ, ಈಗ ಕಡ್ಡಿಯ ಸದ್ದೇ ಬೇರೆ, ಎಣ್ಣೆಯಲ್ಲಿ ಮೆಣಸಿನಕಾಯಿ ಕರಿದ ಸದ್ದು, ಎಡಕ್ಕೆ ನಿಲ್ಲು, ತುಂಬಲಿ, ನಡುವೆ ಓಡು, ಬಲಕ್ಕೆ ನಿಲ್ಲು, ಕಡ್ಡಿ ಹತ್ತಿರ ಹಿಡಿ, ಇನ್ನೂ ಹತ್ತಿರ, ಉಕ್ಕಿನ ಹನಿ ನಡುಗಿತು, ತೂಗಾಡಿತು, ಬೀಳಲಿಲ್ಲ, ಗಟ್ಟಿಯಾಯಿತು, ಮೆಟ್ಟಿಲ ಮೇಲೆ ಮೆಟ್ಟಿಲು, ಒಂದು ಸಾಲಿನ ಮೇಲೆ ಇನ್ನೊಂದು ಸಾಲು, ಬಿರುಕಿನ ಬಾಯಿ ತುಂಬಿ ಮುಚ್ಚಿತು, ಮೊದಲು ತಣ್ಣನೆಯ ಕಂಬಕ್ಕೆ ಬೆಸೆದ ಕೆಳಗಿನ ಆ ಗೇಣೂ ಅದರಡಿ ಮುಚ್ಚಿಹೋಯಿತು.

ಮುಖವಾಡ ತೆಗೆದಾಗ ಕಂಬ ಮೀನಿನ ಬೆನ್ನಿನ ಹಾಗೆ ಹೊಳೆಯುತ್ತಿತ್ತು. ಭಾರೀ ಚೆಂದ ಆತಪಾ ಎಂದ ರಾವಸಾಹೇಬ, ಉಸಿರು ಬಿಟ್ಟು, ಕೆಂಡ ಹೊರಗೆ ಸಾಗಿಸಲು ಅವಸರ ಮಾಡುತ್ತ. ಕೆಳಗಿನ ಗೇಣು ಹುಸಿಯೆಂದು ಯಾರಿಗೂ ತಿಳಿಯುವುದಿಲ್ಲ. ಬಣ್ಣ ಬಳಿದರೆ ತನಗೇ ತಿಳಿಯುವುದಿಲ್ಲ. ಇನ್ನೊಮ್ಮೆ ಅದೇ ಬೆಂಕಿ, ಅದೇ ಒದ್ದೆ ನೆಲ, ಬೇಡ, ತಡೆದರೂ ತಡೆದೀತು, ಗೇಣೇ ಅಲ್ಲವೇ, ಉಳಿದದ್ದೆಲ್ಲ ಗಟ್ಟಿ ಇದೆಯಲ್ಲ, ಅಷ್ಟರಲ್ಲಿ ಕಾಶೆವ್ವ ಯಂತ್ರದ ಬಾಯೊಳಗೆ ಮೊಣಕೈತನಕ ಕೈ ಹಾಕಿ ಸಿಕ್ಕಿದ್ದ ಅರಳೆ ಎಳೆಯುತ್ತ, ನಾಳಿಂದ ಮತ್ತ ನಮ್ಮ ಕೆಲಸ ಚಾಲೂ ನೋಡ್ರಿ, ಎಂದು ನಕ್ಕಳು, ಒತ್ತಿದ ಅಂಡಿಗೆಗೆ ಪಟ್ಟಿ ಕಟ್ಟುವವಳು ಅವಳೇ, ಕಂಬ ಬಿರಿದರೆ ಮೇಲಿನ ಕಬ್ಬಿಣದ ತಲೆ ಇಳಿಯುವುದು ಅವಳ ಕೈಯ ಹಸಿರು ಬಳೆಗಳ ಮೇಲೆ — ಇನ್ನೂ ಮುಗದಿಲ್ರಿ, ಎಂದ ತಾಜುದ್ದೀನ. ಏನಂದಿ? ಕೆಳಗಿಂದು ನಾ ಹೆದರಿ ಮಾಡೇನಿ, ಒಳಗ ಹಿಡದಿಲ್ಲ. ಉಳಿಯಿಂದ ಕಡಿದ, ಕಡಿಯುತ್ತಲೇ ಹೋದ, ತೋಳು ಸೋತಾಗ ಯಲ್ಲಾರಿ ಸುತ್ತಿಗೆ ಇಸಿದುಕೊಂಡ, ಕೊನೆಗೆ ಬಂತು, ಉಗುರಿನ ಸಂದಿಯ ಕೊಳೆಯಂತೆ ಕರಿ ಗೆರೆ, ಅದರ ಹಿಂದೆ ಬಿರುಕು ಹಾಗೇ ಬಾಯಿ ತೆರೆದು ಕೂತಿತ್ತು. ರಾವಸಾಹೇಬ ಬಗ್ಗಿ ನೋಡಿದ, ತಾನೇ ಹೋಗಿ ಮತ್ತೆ ಕೆಂಡ ತರಿಸಿದ.

ಮರುದಿನ ಹೊತ್ತೇರಿದ ಮೇಲೆ ಯಂತ್ರ ನಡೆಯಿತು. ಹತ್ತಿ ಕುಗ್ಗಿತು, ಇನ್ನೂ ಕುಗ್ಗಿತು, ಕಂಬ ಮುಲುಗಿತು, ಹಳೆಯ ಬಾಗಿಲು ಮುಲುಗುವಂತೆ, ಹೊಸ ಬೆಸುಗೆಯ ಮೇಲೆ ಬೆರಳಿಟ್ಟು ನಿಂತ ತಾಜುದ್ದೀನನಿಗೆ ಅದು ಉಕ್ಕಿನ ನಡುಕವೋ ತನ್ನದೋ ತಿಳಿಯಲಿಲ್ಲ, ನಿಲ್ಲವ್ವಾ, ಈಗ ಬ್ಯಾಡ ಎನ್ನಬೇಕೆಂದುಕೊಂಡ, ಅಷ್ಟರಲ್ಲಿ ಕಾಶೆವ್ವ ಪಟ್ಟಿ ಹಿಡಿದು ಕೈ ಒಳಗೆ ಹಾಕಿದಳು, ಹಿಂದಿನಿಂದ ಎಳೆದಳು, ಬಿಗಿದಳು, ಇನ್ನೊಂದು ಪಟ್ಟಿ, ಮತ್ತೊಂದು, ಕಂಬ ತಡೆದಿತ್ತು, ಅಂಡಿಗೆ ಉರುಳಿ ಹೊರಗೆ ಬಿದ್ದಿತ್ತು, ರಾವಸಾಹೇಬ ಹೋ ಎಂದು ಯಲ್ಲಾರಿಯ ಬೆನ್ನು ಚಪ್ಪರಿಸುತ್ತಿದ್ದ, ಕಾಶೆವ್ವ ಸೆರಗಿನಿಂದ ಮುಖದ ಹತ್ತಿ ಒರೆಸಿಕೊಳ್ಳುತ್ತ, ಯಾಕಣ್ಣಾ ಹಂಗ ನಿಂತಿ, ಚಾ ಕುಡೀ ಬಾ ಎಂದು ಕರೆಯುತ್ತಿದ್ದಳು, ಅವಳ ಎರಡೂ ಕೈ ಹೊರಗಿವೆ, ಬಳೆಯೂ ಒಡೆದಿಲ್ಲ, ಕಾಣುತ್ತಿದೆ, ಎಣಿಸಬಹುದು, ಆದರೂ ತಾಜುದ್ದೀನನ ಬೆರಳು ಕಂಬ ಬಿಡಲೊಲ್ಲದು, ಅವನಿಗೆ ಕಾಣುವುದು ಅದೊಂದೇ, ಕಬ್ಬಿಣಕ್ಕೂ ಹತ್ತಿಗೂ ನಡುವಿನ ಸಂದಿ, ಸಂದಿಯೊಳಗೆ ಒಂದು ಕೈ, ಇನ್ನೂ ಒಳಗೇ ಇರುವ ಕೈ —