ತಣ್ಣಗಿದ್ದ ಓವನ್

ಬೆಕ್ಕಿನ ಮರಿ ಗಂಟಲಲ್ಲೇ ನರಳಿದಂಥ ಸಣ್ಣ ಸದ್ದು. ರಾತ್ರಿ ಎರಡೂವರೆ. ರಜನಿ ಎದ್ದು ತಂಗಿಯ ಕೋಣೆಗೆ ಬಂದಳು. ನಾಲ್ಕು ದಿನದ ಕೂಸು ಬೆನ್ನು ಬಿಲ್ಲಾಗಿಸಿಕೊಂಡು ಮಲಗಿತ್ತು. ನ್ಯಾಪಿ ಬಿಚ್ಚಿದರೆ ಮೇಪಲ್ ಕುಕೀಸಿನ, ಸುಟ್ಟ ಸಕ್ಕರೆಯಂಥ ವಾಸನೆ ಘಮ್ಮೆಂದಿತು.

ಪರದೇಶದ ಊರು ಕೆಂಟನ್ನಿನಲ್ಲಿರುವ ರಜನಿಯ ಈ ಮನೆಯಿಂದ ಆರು ವರ್ಷಗಳಿಂದ ಡಬ್ಬಿಗಟ್ಟಲೆ ಮೇಪಲ್ ಕುಕೀಸು ಮಾರಾಟಕ್ಕೆ ಹೋಗುತ್ತಿತ್ತು. ಅವಳಿಗೆ ಟೈಮರ್ ಬೇಕಿರಲಿಲ್ಲ. ವಾಸನೆ ಹಿಡಿದೇ ಟ್ರೇ ಹೊರಗೆಳೆಯುತ್ತಿದ್ದಳು. ಒಂದು ಟ್ರೇ ಒಳಗೇ ಉಳಿಯಿತೇನೋ ಎಂದು ಕೆಳಗಿಳಿದು ಓವನ್ ಮುಟ್ಟಿದಳು. ತಣ್ಣಗಿತ್ತು. ತಂಗಿಯ ಹೆರಿಗೆಯಾದಾಗಿನಿಂದ ಅದನ್ನು ಹಚ್ಚಿಯೇ ಇರಲಿಲ್ಲ.

ಆಮೇಲೆ ನಗು ಬಂತು. ಮೆಂತ್ಯದುಂಡೆ! ಮೇಪಲ್ ಎಸೆನ್ಸಿನ ಬಾಟಲಿ ಮೊದಲ ಸಲ ತೆರೆದಾಗಲೇ ಅವಳಿಗೆ ಅಮ್ಮನ ಮೆಂತ್ಯದುಂಡೆ ನೆನಪಾಗಿತ್ತು. ಬಾಣಂತಿಗೆ ದಿನಾ ತಾನೇ ತಿನ್ನಿಸುತ್ತಿದ್ದಾಳೆ, ಅದು ಹಾಲಿನಲ್ಲಿ ಮಗುವಿಗೂ ಇಳಿದಿದೆ.

ಮೇಲೆ ಬಂದಾಗ ಮಾಳವಿಕಾ ಎದ್ದು ಕೂತಿದ್ದಳು. "ಅಕ್ಕಾ, ಸಂಜೆಯಿಂದ ಸರಿಯಾಗಿ ಹಾಲೇ ಕುಡಿದಿಲ್ಲ. ಆಸ್ಪತ್ರೆಗೆ ಫೋನ್ ಮಾಡ್ಲಾ?"

"ಮಾಡು, ಮಾಡು. ಲೋಕದಲ್ಲಿ ಹೆತ್ತೋಳು ನೀನೊಬ್ಳೇ ನೋಡು! ಸುಮ್ನೆ ಮಲಕ್ಕೊಳೇ."

ಮಾಳವಿಕಾ ಮಲಗಿದಳು. ಮಧ್ಯಾಹ್ನದ ಹೊತ್ತಿಗೆ ಮಗು ಕಣ್ಣು ತೆರೆಯುವುದನ್ನೇ ನಿಲ್ಲಿಸಿತು.

ಆಸ್ಪತ್ರೆಯಲ್ಲಿ ಎರಡನೆಯ ದಿನ ಡಾಕ್ಟರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಕುಡಿದ ಹಾಲೇ ಮಗುವಿನ ಮೈಯಲ್ಲಿ ವಿಷವಾಗಿದೆ, ಮಿದುಳು ಬಾತಿದೆ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಹುಟ್ಟಿನಿಂದಲೇ ಬರುವ ಕಾಯಿಲೆ. ಇದರಲ್ಲಿ ಒಂದೊಂದು ಗಂಟೆಯೂ ಮುಖ್ಯ. ಮೂತ್ರಕ್ಕೆ ಮೇಪಲ್ ಸಿರಪ್ಪಿನ ವಾಸನೆ ಬರುತ್ತದೆ. ಯಾರಾದರೂ ಗಮನಿಸಿದ್ದಿರಾ ಎಂದು ಕೇಳಿದರು.

ಮಾಳವಿಕಾಳ ಗಂಡ ಶಿಶಿರ್ ಮಗುವಿದ್ದ ಕೋಣೆಯ ಗಾಜಿಗೆ ಹಣೆ ಹಚ್ಚಿ ನಿಂತಿದ್ದವನು ತಿರುಗಲಿಲ್ಲ.

"ನಮ್ಮಕ್ಕನ ಮನೆ ತುಂಬ ಅದೇ ವಾಸನೆ," ಎಂದಳು ಮಾಳವಿಕಾ. ಆಮೇಲೆ ಕನ್ನಡದಲ್ಲಿ, "ಅಲ್ವೇನಕ್ಕಾ? ಅವತ್ತೂ ಬೇಕ್ ಮಾಡ್ತಿದ್ಯಲ್ಲಾ?"

ಹೆರಿಗೆಯಾದ ಮೇಲೆ ಮಾಳವಿಕಾ ಮಹಡಿಯಿಂದ ಇಳಿದೇ ಇರಲಿಲ್ಲ; ಓವನ್ ತಣ್ಣಗಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ಹೂಂ," ಎಂದಳು ರಜನಿ. ಡಾಕ್ಟರಿಗೆ ಇಂಗ್ಲಿಷಿನಲ್ಲೂ ಅದನ್ನೇ ಹೇಳಿದಳು. ಅವರು ಬರೆದುಕೊಂಡು ಎದ್ದರು.

"ನಿನ್ ತಪ್ಪಲ್ಲ ಬಿಡಕ್ಕಾ, ಯಾರಿಗೆ ತಾನೇ ಗೊತ್ತಾಗ್ತಿತ್ತು," ಎಂದು ಮಾಳವಿಕಾ ಅವಳ ಹೆಗಲಿಗೊರಗಿದಳು. ಎರಡು ದಿನದಿಂದ ಮುಚ್ಚದಿದ್ದ ಕಣ್ಣು ಮುಚ್ಚಿತು.

ತನ್ನ ಗಂಡನಿಗೂ ಬೇಡ, ಮೈಸೂರಿನಲ್ಲಿ ಫೋನು ಹಿಡಿದು ಕೂತಿರುವ ಅಮ್ಮನಿಗೂ ಬೇಡ. ನ್ಯಾಪಿಯ ಆ ವಾಸನೆಯ ಮಾತು ಯಾರಿಗೂ ಹೇಳುವುದು ಬೇಡ ಎಂದುಕೊಂಡಳು ರಜನಿ. ತೋಳು ಜೋಮು ಹಿಡಿಯುತ್ತ ಬಂತು. ತಂಗಿಗೆ ಎಚ್ಚರವಾದೀತೆಂದು ಅವಳು ಕದಲಲಿಲ್ಲ.