ಸೈಮಿಯ ಕಾರು ಶೆಡ್ಡಿನಿಂದ ಹೊರಬಂದದ್ದು

ಉತ್ತರ ಫಿನ್‌ಲೆಂಡಿನ ನಮ್ಮ ಊರಿನಲ್ಲಿ ಹಿಮ ಬಿದ್ದರೆ ಎಷ್ಟೋ ಮನೆಗಳ ಕಾರು ಶೆಡ್ಡು ಸೇರುತ್ತದೆ. ನಿಂತ ಎಂಜಿನ್ ತಿರುಗದಂತೆ ಬಿಗಿದುಕೊಂಡುಬಿಡುತ್ತದೆ ಎಂಬ ಭಯ ಎಲ್ಲರಿಗೂ. ನಮ್ಮೂರಿನ ಆರ್ವಿಗೂ ಇತ್ತು. ಭಾನುವಾರ ಬಂತೆಂದರೆ ಶೆಡ್ಡಿಗೆ ಹೋಗಿ, ಚಳಿಗೆ ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತು ಎಂಜಿನ್ ಓಡಿಸುತ್ತಿದ್ದ. ಒಂದು ಭಾನುವಾರ ಕಾಫಿ ಆರಿಹೋದರೂ ಅವನು ಒಳಗೆ ಬರಲಿಲ್ಲ. ಹೆಂಡತಿ ಸೈಮಿ ಹೋಗಿ ನೋಡಿದಾಗ ಎಂಜಿನ್ ಇನ್ನೂ ಓಡುತ್ತಿತ್ತು. ಆರ್ವಿ ಸೀಟಿನಲ್ಲೇ ತಲೆ ವಾಲಿಸಿ ಕೂತಿದ್ದ. ಜೀವ ಇರಲಿಲ್ಲ.

ಮುಂದಿನ ಬೇಸಿಗೆಯೆಲ್ಲ ಆ ಕಾರನ್ನು ಸೈಮಿಯೇ ಓಡಿಸಿದಳು. ಊರಿಗೆ ಬಸ್ಸು ನಿಂತುಹೋಗಿತ್ತು, ಬೇರೆ ದಾರಿ ಇರಲಿಲ್ಲ. ಮತ್ತೆ ಹಿಮದ ಕಾಲ ಹತ್ತಿರವಾಯಿತು. ಜಾರುವ ರಸ್ತೆಯಲ್ಲಿ ಓಡಿಸಲು ಅವಳಿಗೆ ಧೈರ್ಯವಿಲ್ಲ. ಆರ್ವಿಯ ಅಣ್ಣ ಉರ್ಪೋ ಬುದ್ಧಿ ಹೇಳಲು ಬಂದ.

"ವಾರಕ್ಕೊಂದ್ಸಲ ಸ್ಟಾರ್ಟ್ ಮಾಡ್ತಿರು ಸೈಮಿ. ಇಲ್ಲಾಂದ್ರೆ ಹಿಮ ಕರಗೋ ಹೊತ್ತಿಗೆ ಅದು ಗುಜರಿ."

"ಅವರು ಹೋದ ಆ ಶೆಡ್ಡಿನೊಳಗೇನಾ ಭಾವ?"

"ಆರ್ವಿ ಹಣೆಬರಹ ಕೆಟ್ಟಿತ್ತು. ನಾನೂ ಹಾಗೇ ಮಾಡ್ಕೊಂಡ್ ಬಂದಿದೀನಿ, ಬದುಕಿಲ್ವಾ?"

ಊರಿನ ಗ್ಯಾರೇಜು ನಡೆಸುವ ರೈಲಿ, ಸೈಮಿಯ ಗೆಳತಿ, ಅಲ್ಲೇ ಕೂತಿದ್ದಳು.

"ಹಣೆಬರಹ ಅಲ್ಲ ಉರ್ಪೋ, ಎಂಜಿನ್ ಹೊಗೇಲಿರೋ ವಿಷದ ಗಾಳಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತೆ ಅನ್ನೋಷ್ಟ್ರಲ್ಲಿ ಕಾಲಲ್ಲಿ ಶಕ್ತಿ ಇರಲ್ಲ. ಬಾಗಿಲು ತೆಗೆದಿಟ್ರೂ ನಂಬೋ ಹಾಗಿಲ್ಲ."

"ಹಾಗಾದ್ರೆ ಎಂಜಿನ್ ಗತಿ?"

"ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸಿದ್ರೆ ಅದು ಸರಿಯಾಗಿ ಬಿಸಿನೇ ಆಗಲ್ಲ. ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತೆ. ನೀವು ಉಳಿಸ್ತಾ ಇಲ್ಲ, ಕೆಡಿಸ್ತಾ ಇದೀರಿ."

ಉರ್ಪೋ ಮುಖ ಗಂಟಿಕ್ಕಿಕೊಂಡು ಹೊರಟುಹೋದ.

ರೈಲಿ ಮತ್ತು ಸೈಮಿ ಕಾರನ್ನು ರಸ್ತೆಯಲ್ಲಿ ಚೆನ್ನಾಗಿ ಓಡಿಸಿ ಬಂದು ಹಳೆಯ ಆಯಿಲ್ ತೆಗೆದು ಹೊಸದು ಹಾಕಿದರು. ಪೆಟ್ರೋಲ್ ಕೆಡದಂತೆ ಔಷಧ ಬೆರೆಸಿ, ಟ್ಯಾಂಕ್ ತುಂಬಿಸಿ, ಅದು ಎಲ್ಲ ಕಡೆ ಹರಿಯಲೆಂದು ಅಂಗಳದಲ್ಲೇ ಒಮ್ಮೆ ಓಡಿಸಿದರು. ರೇಡಿಯೇಟರ್ ನೀರು ಹೆಪ್ಪುಗಟ್ಟದಂತಿದೆಯೇ ಎಂದು ನೋಡಿದರು. ಎಂಜಿನ್ ನಿಲ್ಲಿಸಿ ಕಾರನ್ನು ಶೆಡ್ಡಿಗೆ ತಳ್ಳಿ, ಅದು ತಣ್ಣಗಾದ ಮೇಲೆ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಎಂಜಿನ್ನನ್ನು ಪಾನಾ ಹಾಕಿ ಕೈಯಿಂದ ತಿರುಗಿಸಿ, ಪ್ಲಗ್ ಮತ್ತೆ ಕೂರಿಸಿದರು. ಬ್ಯಾಟರಿ ಬಿಚ್ಚಿ ರೈಲಿಯ ಗ್ಯಾರೇಜಿನಲ್ಲಿ ಇಟ್ಟರು, ಆಗಾಗ ಚಾರ್ಜ್ ಮಾಡಲು. ಇಲಿ ಹೊಗದಂತೆ ಹೊಗೆ ಕೊಳವೆಗೂ ಗಾಳಿ ಎಳೆಯುವ ಬಾಯಿಗೂ ಬಟ್ಟೆ ತುರುಕಿದರು. ಆ ಬಟ್ಟೆ ತೆಗೆಯಲು ಮರೆಯಬಾರದೆಂದು ಸ್ಟೀರಿಂಗಿಗೆ ಕೆಂಪು ಚಿಂದಿ ಕಟ್ಟಿದರು. ಆ ಚಳಿಗಾಲ ಸೈಮಿ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಹಿಮ ಕರಗಿದಾಗ ರೈಲಿ ಬಂದಳು, ಉರ್ಪೋನೂ ಬಂದ. "ಬ್ಯಾಟರಿ ಹಾಕಿ ಕೀ ತಿರುಗಿಸಿ, ನೋಡೇಬಿಡೋಣ."

"ಮೊದಲು ಹೊರಗೆ ತಳ್ಳಿ," ಎಂದಳು ರೈಲಿ.

ಮೂವರೂ ತಳ್ಳಿದರು. ಬಟ್ಟೆಗಳನ್ನು ಕಿತ್ತರು. ಹಾಗಿದ್ದೂ ಎಂಜಿನ್ ಮೇಲೆ ಇಲಿಯ ಗೂಡಿತ್ತು. ತೆಗೆದು, ತಂತಿ ಕಡಿದಿಲ್ಲವೆಂದು ನೋಡಿಕೊಂಡರು. ಪೆಟ್ರೋಲ್ ಸೋರುತ್ತಿದೆಯೇ, ಆಯಿಲ್ ಎಷ್ಟಿದೆ, ಬ್ರೇಕ್ ಹಿಡಿಯುತ್ತದೆಯೇ ನೋಡಿದರು. ರೈಲಿ ಎಂಜಿನ್ನನ್ನು ಕೈಯಿಂದಲೇ ತಿರುಗಿಸಿದಳು. "ತಿರುಗ್ತಾ ಇದೆ. ಬಿಗಿಯಾಗಿದ್ರೆ ಜೋರು ಮಾಡ್ಬಾರ್ದು." ಬ್ಯಾಟರಿ ಕೂರಿಸಿ, ಪೆಟ್ರೋಲ್ ಬರದಂತೆ, ಕಿಡಿ ಹೊತ್ತದಂತೆ ಮಾಡಿ, ಆಯಿಲ್ ಎಲ್ಲ ಕಡೆ ಏರಲೆಂದು ಸೆಲ್ಫ್ ಹೊಡೆದಳು. ಆಯಿಲ್ ಏರಿತೆಂದು ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರಿತು. ಆಮೇಲೆ ಎಲ್ಲ ಜೋಡಿಸಿ ಚಾಲೂ ಮಾಡಿದಳು. ಆಯಿಲ್ ದೀಪ ಆರದಿದ್ದರೆ ಆ ಕ್ಷಣವೇ ನಿಲ್ಲಿಸಬೇಕೆಂದು ಕೀ ಮೇಲೇ ಕೈ ಇಟ್ಟುಕೊಂಡಿದ್ದಳು.

ಎಂಜಿನ್ ನೀಲಿ ಹೊಗೆ ಕಾರಿ, ಆಮೇಲೆ ಸಮವಾಗಿ ಓಡಿತು. ಬೇಸಿಗೆಯಲ್ಲಿ ರಸ್ತೆಯಲ್ಲಿ ಅನಿಸದ್ದು ಈಗ ಶೆಡ್ಡಿನೆದುರು ಅನಿಸಿತು: ಅವತ್ತು ಕೇಳಿದ್ದ ಅದೇ ಸದ್ದು. ಸೈಮಿ ಕಿವಿ ಮುಚ್ಚಿಕೊಂಡಳು.

ಉರ್ಪೋ ನೆಲ ನೋಡುತ್ತಿದ್ದ. "ಅವನಿಗೆ ಬಾಗಿಲು ಹಾಕ್ಕೋ, ಚಳಿ ಬರುತ್ತೆ ಅಂತ ಹೇಳಿದ್ದು ನಾನೇ ಕಣಮ್ಮಾ."

"ಗೊತ್ತು ಭಾವ. ಅವರು ಬದುಕಿದ್ದಾಗಲೇ ಹೇಳಿದ್ರು."

ಉರ್ಪೋ ರೈಲಿಯ ಕಡೆ ತಿರುಗಿ, "ರೈಲಿ, ನನ್ನ ಗಾಡಿನೂ ಹೊರಗೆ ತಳ್ಬೇಕು. ಬರ್ತೀಯಾ?" ಎಂದ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಲ್ಲಿಸಿಟ್ಟ ಕಾರು ನಿಮ್ಮಲ್ಲಿದ್ದರೆ ಹೇಗೆ ಇಡಬೇಕೆಂದು ಬಲ್ಲ ಮೆಕ್ಯಾನಿಕ್ಕನ್ನು ಕೇಳಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ಶೆಡ್ಡಿನೊಳಗೆ ಎಂಜಿನ್ ಓಡಿಸುತ್ತಿದ್ದರೆ ಸಂಕೋಚಪಡದೆ ಇವತ್ತೇ ಹೋಗಿ ತಡೆಯಿರಿ. ಆರ್ವಿಗೆ ಹಾಗೆ ಹೇಳಲು ನಮ್ಮೂರಲ್ಲಿ ಯಾರೂ ಹೋಗಲಿಲ್ಲ.