ಜೇಬಿನಲ್ಲಿ ಉಳಿದ ಮಾತ್ರೆ

ಇಸ್ತ್ರಿ ಅಂಗಡಿಯ ಚಿಕ್ಕಮ್ಮನಿಗೆ ಬಟ್ಟೆಯ ಮೇಲೆ ಕಲೆ ಕಂಡರೆ ಪಿತ್ತ ನೆತ್ತಿಗೇರುತ್ತಿತ್ತು. ಅಂದು ಕಲೆಯಾದದ್ದು ಅವಳೇ ಸಾಕಿ ಬೆಳೆಸಿದ ಅಕ್ಕನ ಮಗಳು ಗುಬ್ಬಿಯ ಶಾಲೆ ಅಂಗಿಗೆ. ಇಸ್ತ್ರಿಪೆಟ್ಟಿಗೆ ಜೇಬಿನ ಮೇಲೆ ಹಾಯುತ್ತಲೇ ಒಳಗೇನೋ ಪುಡಿಯಾಗಿ ತುಕ್ಕಿನ ಬಣ್ಣ ಇಳಿಯಿತು. ಕೊಡವಿದರೆ ಮಾತ್ರೆಯ ಚೂರು.

ಮೈಯಲ್ಲಿ ರಕ್ತ ಸಾಲದೆಂದು ಶಾಲೆಯ ನರ್ಸಮ್ಮ ಗುಬ್ಬಿಗೆ ದಿನವೂ ಕೊಡುತ್ತಿದ್ದ ಕಬ್ಬಿಣದ ಮಾತ್ರೆ! ಹುಡುಗಿ ತರಗತಿಯಲ್ಲೇ ತಲೆ ಸುತ್ತಿ ಬಿದ್ದ ದಿನ ಚಿಕ್ಕಮ್ಮ ಗಾಬರಿಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು:

"ಇನ್ನೊಂದ್ಸಲ ಬಿದ್ರೆ ಸ್ಕೂಲೂ ಬೇಡ, ಏನೂ ಬೇಡ. ನನ್ನ ಪಕ್ಕ ನಿಂತ್ಕೊಂಡು ಇಸ್ತ್ರಿ ಹಾಕು. ನಂಗೂ ತಲೆ ಸುತ್ತುತ್ತೆ, ಒಬ್ಳೇ ಎಷ್ಟೂಂತ ಏಗ್ಲಿ?"

ಪೆಟ್ಟಿಗೆ ಆರಿಸಿ, ಅಂಗಿ ಹಿಡಿದು ನೇರ ಶಾಲೆಗೆ ನಡೆದಳು. ನರ್ಸಮ್ಮ ತನ್ನ ಕೋಣೆಗೆ ಗುಬ್ಬಿಯನ್ನು ಕರೆಸಿದಳು.

"ಮಾತ್ರೆ ನುಂಗದೆ ಏನೇ ಮಾಡ್ತಿದ್ದೆ?" ಎಂದಳು ಚಿಕ್ಕಮ್ಮ.

"ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ಜೇಬಿಗೆ ಹಾಕ್ತಿದ್ದೆ. ಮನೇಲಿ ಪುಡಿ ಮಾಡಿ ನಿನ್ನ ಟೀಗೆ."

ಚಿಕ್ಕಮ್ಮ ಕಣ್ಣು ಕಣ್ಣು ಬಿಟ್ಟಳು. ಟೀ ಪುಡಿ ಕೆಟ್ಟಿದೆಯೆಂದು ಮೂಲೆ ಅಂಗಡಿಯವನ ಜನ್ಮ ಜಾಲಾಡಿದ್ದಳಲ್ಲ, ಪಾಪ! ಇತ್ತೀಚೆಗೆ ಮೈಗೆ ಹುರುಪು ಬಂದಿದೆಯೆಂದು ಬೀಗಿದ್ದೂ ಅವಳೇ.

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಟೀ ಜೊತೆ ಈ ಮಾತ್ರೆ ಮೈಗೆ ಹತ್ತೋದೇ ಕಮ್ಮಿ ಪುಟ್ಟೀ. ನಿಂಗೂ ಇಲ್ಲ, ಅವ್ರಿಗೂ ಇಲ್ಲ!"

"ನಂಗ್ಯಾಕೆ ಹಾಕ್ದೆ?" ಚಿಕ್ಕಮ್ಮನ ದನಿ ಆಗಲೇ ಇಳಿದಿತ್ತು.

"ನೀನು ಗಟ್ಟಿಯಾದ್ರೆ ನನ್ನ ಸ್ಕೂಲ್ ಬಿಡಿಸಲ್ಲ ಅಂತ." ಗುಬ್ಬಿ ನೆಲ ನೋಡಿದಳು. "ಮತ್ತೆ... ನೀನೂ ಬಿದ್ರೆ ನಂಗ್ಯಾರಿದಾರೆ?"

ಚಿಕ್ಕಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. ಹೆದರಿಸಿದ್ದು ತಾನೇ, ಹೆದರಿದ ಕೂಸು ತನ್ನ ಪಾಲಿನದನ್ನೂ ಚಿಕ್ಕಮ್ಮನಿಗೇ ಕುಡಿಸಿತ್ತು. ನರ್ಸಮ್ಮ ಚಿಕ್ಕಮ್ಮನ ಬೆರಳು ಚುಚ್ಚಿ ನೋಡಿದರೆ ಅವಳ ರಕ್ತ ಗುಬ್ಬಿಗಿಂತ ಕಡಿಮೆ!

ಈಗ ಇಸ್ತ್ರಿ ಮೇಜಿನ ಆಚೆ ಈಚೆ ಇಬ್ಬರೂ ನಿಂತು ನರ್ಸಮ್ಮ ಕೊಟ್ಟ ಮಾತ್ರೆ ನುಂಗುತ್ತಾರೆ, ಬರೀ ನೀರಿನಲ್ಲಿ.

"ಬಾಯಿ ತೆಗಿ. ನಾಲಿಗೆ ಎತ್ತು," ಎನ್ನುತ್ತಾಳೆ ಚಿಕ್ಕಮ್ಮ.

"ಮೊದ್ಲು ನೀನು ಎತ್ತು."

ಅವಳು ಎತ್ತುತ್ತಾಳೆ. ಆಮೇಲೆ ಬಿಸಿ ಬಿಸಿ ಅಂಗಿಯನ್ನು ಗುಬ್ಬಿಗೆ ತೊಡಿಸಿ, ಕಾಲರ್ ಸರಿಮಾಡಿ, ಬಾಗಿಲ ಕಡೆ ತಳ್ಳುತ್ತಾಳೆ.

"ನಡಿ, ಹೊತ್ತಾಯ್ತು. ಸ್ಕೂಲ್ ಮುಗಿಸೋ ತನಕ ಈ ಇಸ್ತ್ರಿಪೆಟ್ಟಿಗೆ ಮುಟ್ಟಿದ್ಯೋ, ಕಾಲು ಮುರೀತೀನಿ!"